ಬೆಣ್ಣೆ ಸುಮ್ಮನಾಗುವ ಹೊತ್ತು

ಮೂಗು ಹೋಗಿ ಏಳು ತಿಂಗಳು.
ಜ್ವರ ಬಂತು, ಹೋಯಿತು; ಹೋಗುವಾಗ
ಬರಿಗೈಯಲ್ಲಿ ಹೋಗಲಿಲ್ಲ.
ಡಾಕ್ಟರು ಪ್ರತಿ ಸಲವೂ ‘ಬರಬಹುದು, ಬರಬಹುದು’ ಎಂದು
ಮೂಗಿಗೆ ತುಪ್ಪ ಸವರಿ ಕಳಿಸುತ್ತಾರೆ.
ಆ ತುಪ್ಪದ ವಾಸನೆಯೂ ನನಗಿಲ್ಲ.

ದಿಯೆಪ್ ಬಂದರಿನಲ್ಲಿ ಬೆಳಗಿನ ಗಾಳಿ ಕಚ್ಚುತ್ತಿತ್ತು.
ಮೀನಂಗಡಿಯ ಅರ್ಮೆಲ್ ಐಸಿನ ಮೇಲಿಂದ ನಂಗು ಎತ್ತಿದಳು,
ಚಪ್ಪಲಿಯ ಅಟ್ಟೆಯಷ್ಟು ಚಪ್ಪಟೆ, ಒದ್ದೆ ಹೊಳಪು.
‘ಮೂಸಿ ನೋಡಿ ಮಾದಾಮ್ ಜಿಸ್ಲೇನ್, ರಾತ್ರಿಯ ಬಲೆಯದು.’
ಮೂಸಿದ ಹಾಗೆ ಮಾಡಿದೆ.
ಮೂವತ್ತೊಂದು ವರ್ಷ ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂತವಳು,
ಮುಖವನ್ನು ಬೇಕಾದಂತೆ ಇಟ್ಟುಕೊಳ್ಳಲು ಗೊತ್ತು.

ಬುಧವಾರ, ಶಾಲೆಯಿಲ್ಲ.
ಮೇಲಿನ ಮನೆಯ ನಾದೆಜಳ ಮಗ ತಿಬೋ, ಒಂಬತ್ತು ವರ್ಷ,
ಮಧ್ಯಾಹ್ನದ ಊಟ ನನ್ನಲ್ಲಿ.
ಹೋದ ವಾರ ಬೆಣ್ಣೆ ಸುಟ್ಟು ಇದ್ದಿಲಾಗಿತ್ತು.
ತುಟಿಪಿಟಕ್ಕೆನ್ನದೆ ತಿಂದು, ‘ಮೆರ್ಸಿ’ ಹೇಳಿ ಹೋದ.
ಅವನು ಹೋದ ಮೇಲೆ ಬಾಣಲೆಯ ತಳ ನೋಡಿದೆ.
ಇವತ್ತು ಷರತ್ತು ಹಾಕಿದ್ದೇನೆ:
ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು
ನನ್ನ ಮೂಗಾಗಬೇಕು.
ಮರ್ಯಾದೆ ಬೇಡ ಮರೀ, ನಿಜ ಸಾಕು.

ಬಾಲದ ಬುಡದಲ್ಲೊಂದು ಗೀರು,
ಬೆರಳಿಗೆ ಉಪ್ಪು ಹಚ್ಚಿ ಹಿಡಿದೆಳೆದರೆ
ನಿದ್ದೆಯ ಮಗುವಿನ ಅಂಗಿಯಂತೆ ಚರ್ಮ ಕಳಚಿತು.
‘ಎರಡೂ ಕಣ್ಣು ಒಂದೇ ಕಡೆ ಯಾಕೆ?’
ಮರಿಯಾಗಿದ್ದಾಗ ಆಚೆಗೊಂದು ಈಚೆಗೊಂದು ಇದ್ದವು,
ಇನ್ನು ಮರಳಲ್ಲಿ ಮಲಗಿಯೇ ಬಾಳು ಎಂದಾದಾಗ
ಒಂದು ಕಣ್ಣು ಮೆಲ್ಲಗೆ ತಲೆ ಬಳಸಿ
ಇನ್ನೊಂದರ ಪಕ್ಕಕ್ಕೆ ಬಂತು.
‘ನೋವಾಯ್ತಾ?’
ಯಾರೂ ಕೇಳಿಲ್ಲ ಕಣೋ.

ಹಿಟ್ಟಿನಲ್ಲಿ ಹೊರಳಿಸಿ, ಕೊಡವಿ.
ಈ ಅಡುಗೆಗೆ ಗಿರಣಿಯವನ ಹೆಂಡತಿಯ ಹೆಸರು;
ಆಕೆಗೊಂದು ಸ್ವಂತ ಹೆಸರಿತ್ತೋ ಏನೋ,
ಮೊಣಕೈವರೆಗಿನ ಹಿಟ್ಟು ಮಾತ್ರ ನಮ್ಮವರೆಗೆ ಬಂತು.
ಆ ಮಗ್ಗುಲು ನಾಲ್ಕು ನಿಮಿಷ, ಈ ಮಗ್ಗುಲು ಮೂರು.
ಹೊನ್ನ ಬಣ್ಣ ಬಂತು. ಕಣ್ಣು ಇನ್ನೂ ನನ್ನದೇ.

ಮೀನು ತಟ್ಟೆಗೆ. ಬಾಣಲೆ ಒರೆಸಿ, ಹೊಸ ಬೆಣ್ಣೆ, ಧಾರಾಳ.
ಈಗ ಹೇಳು.
‘ಹಾಲು.’
ಈಗ?
‘ಬಿಸಿ ಹಾಲು. ಇಸ್ತ್ರಿ ಮಾಡಿದ ಬಟ್ಟೆ.’
ಬೆಣ್ಣೆ ನೊರೆಯೆದ್ದು ಬಾಯಿ ಬಡಿಯುತ್ತಿದೆ,
ಚಟಪಟ, ಚಟಪಟ, ಸಂತೆಯಲ್ಲಿ ಸಾಲ ಕೇಳುವವನ ಹಾಗೆ.
ಈಗ?
‘ಪೆನ್ಸಿಲ್ ಕೆತ್ತಿದಾಗ ಬರತ್ತಲ್ಲ.’
ಹೇಜಲ್‌ಕಾಯಿ ಹುರಿದ ಹಾಗಿರಬೇಕು ಎಂದು ಹೇಳಿಕೊಟ್ಟಿದ್ದೆ,
ಅವನು ಹುರಿದದ್ದನ್ನು ಕಂಡವನಲ್ಲ.

ಆಗ ಬೆಣ್ಣೆ ಸುಮ್ಮನಾಯಿತು.
ಮೆಲ್ಲಮೆಲ್ಲಗೆ ಅಲ್ಲ, ತಟ್ಟನೆ:
ತುಂಬಿದ ಕೋಣೆಗೆ ಯಾರೋ ಕಾಲಿಟ್ಟಂತೆ.
ಒಳಗಿದ್ದ ನೀರೆಲ್ಲ ಮುಗಿದು, ಇನ್ನು ಆಡಲು ಮಾತಿಲ್ಲದೆ
ಕಂದುಗಣ್ಣಿನಿಂದ ನೋಡುತ್ತಿದೆ.
ಇಷ್ಟು ವರ್ಷ ಮೂಗು ಮುಂದೋಡಿ ಹೇಳಿಬಿಡುತ್ತಿತ್ತು,
ಕಿವಿಗೆ ಈ ಮನೆಯಲ್ಲಿ ಕೆಲಸವೇ ಇರಲಿಲ್ಲ.

‘ಮಾದಾಮ್, ಈಗ ಅದು...’
ಹೂಂ, ಏನದು?
‘ಮೊದಲು ನಿಮ್ಮ ಮೆಟ್ಟಿಲ ಮೇಲೆ ಬರ್ತಿತ್ತಲ್ಲ, ಅದು.’

ನಿಂಬೆ ಹಿಂಡಿದೆ. ಚುಂಯ್.
ಮುಖ ತಿರುಗಿಸಿಕೊಂಡದ್ದಕ್ಕೆ ಹೊಗೆ ಒಳ್ಳೆಯ ನೆಪ.

ಬೆನ್ನೆಲುಬು ಒಂದೇ ಎಳೆತಕ್ಕೆ ಬಂತು,
ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಎನ್ನುತ್ತಾರಲ್ಲ,
ಇಲ್ಲಿ ನಿಜಕ್ಕೂ ಬೆಣ್ಣೆಯೇ.
ನನ್ನ ನಾಲಿಗೆಗೆ ಉಪ್ಪು ಸಿಕ್ಕಿತು, ಹುಳಿ ಸಿಕ್ಕಿತು,
ಹಿಟ್ಟಿನ ಗರಿ ಹಲ್ಲಿಗೆ ಸಿಕ್ಕಿತು.
ಉಳಿದದ್ದು ಎದುರಿನ ಕುರ್ಚಿಯಲ್ಲಿ ಕಾಲು ಆಡಿಸುತ್ತ
ಪಾರ್ಸ್ಲಿಯ ಒಂದೊಂದೇ ಚೂರನ್ನು ಹೆಕ್ಕಿ
ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿತ್ತು.