ಹೆಪ್ಪು

ಸೋಮವಾರದ ಮೊದಲ ಮಂಡಿ ಕ್ಲಿಫರ್ಡ್ ಇಬಟ್ಸನ್ನರದು. ಎಡಗಾಲು.
ಕೋನಮಾಪಕದ ಪ್ಲಾಸ್ಟಿಕ್ ತೋಳು ಇಟ್ಟು ಓದುತ್ತೇನೆ:
ಮಡಚಿದರೆ ಎಪ್ಪತ್ತೆಂಟು. ಚಾಚಿದರೆ ಹದಿನೆಂಟು ಬಾಕಿ.
"ಹೋದ ವಾರಕ್ಕಿಂತ ಎರಡು ಹೆಚ್ಚು."
"ನಿಮ್ಮ ಕೈ ನಡುಗಿರಬೇಕು, ಲವ್."

ಇದು ಶೆಫೀಲ್ಡ್, ಉಕ್ಕಿನ ಊರು.
ತುಕ್ಕು ಹಿಡಿಯದ ಚಮಚಗಳಿಗೆ ಮೂವತ್ತೊಂದು ವರ್ಷ
ಹೊಳಪು ಕೊಟ್ಟವರ ಮಂಡಿಯೊಳಗೆ ತುಕ್ಕು.
ಉಪಮೆಯಲ್ಲ. ಕೀಲಿಗೆ ಇಳಿದ ರಕ್ತ ಆರಿಹೋಗುವಾಗ
ತನ್ನ ಕಬ್ಬಿಣ ಅಲ್ಲೇ ಬಿಡುತ್ತದೆ,
ಬಾಡಿಗೆ ಮನೆ ಖಾಲಿ ಮಾಡಿದವರು ಗೋಡೆಯಲ್ಲಿ ಮೊಳೆ ಬಿಟ್ಟ ಹಾಗೆ.

ಏಳನೆಯ ವಯಸ್ಸಲ್ಲಿ ಮಂಚದಿಂದ ಜಿಗಿದದ್ದಷ್ಟೇ,
ಬೆಳಗಾಗುವಷ್ಟರಲ್ಲಿ ಮಂಡಿ ಕುಂಬಳಕಾಯಿ.
ಆಗೆಲ್ಲ ಐಸು, ಮರದ ಪಟ್ಟಿ, ಆರು ವಾರ ಅಲುಗಾಡಬೇಡ.
ಅಲುಗಾಡದ ಕಾಲು ಬಾಗುವುದನ್ನೇ ಮರೆಯಿತು.
ಅಣ್ಣ ನಾರ್ಮನ್ನನಿಗೂ ಇದೇ.
ಅವನಿಗೆ ಶೀಶೆಯಲ್ಲಿ ಹೊಸ ಔಷಧಿ ಬಂತು,
ಔಷಧಿಯ ಜೊತೆ ಬೇರೇನೋ ಬಂತು.
ಆ ಮಾತನ್ನು ಅಲ್ಲಿಗೇ ಮಡಚಿಡುತ್ತಾರೆ,
ಮಂಡಿಗಿಂತ ಸಲೀಸಾಗಿ.

ಬೆಳಿಗ್ಗೆ ಚುಚ್ಚಿಕೊಂಡಿರಾ? ಕೇಳದೆ ಮುಟ್ಟುವುದಿಲ್ಲ.
ಅಂಗೈಯ ಬೆನ್ನು ಇಟ್ಟು ನೋಡುತ್ತೇನೆ:
ಬಿಸಿ ಇದೆಯೆ, ಒಳಗೆ ಜುಮುಗುಡುತ್ತಿದೆಯೆ?
ಇದ್ದರೆ ಇವತ್ತು ಬರೀ ವಿಶ್ರಾಂತಿ.
ಇಲ್ಲ.
ಟವೆಲ್ ಸುರುಳಿ ಮಂಡಿಯ ಕೆಳಗೆ. ಒತ್ತಿ. ಐದು ಎಣಿಸಿ. ಬಿಡಿ.
ನನ್ನ ಎಣಿಕೆ ಕನ್ನಡದಲ್ಲಿ, ಅವರಿಗೂ ಅಂಟಿದೆ:
ವಂದು, ಎರ್ಡು, ಮೂರು,
ನಾಲ್ಕಕ್ಕೆ ಬಂದಾಗ ನಾಲಿಗೆ ಎಡವುತ್ತದೆ.

ಈ ಊರ ಚಳಿಗೆ ನನ್ನ ಮನೆಯ ಹಾಲು ಮೊಸರಾಗುವುದಿಲ್ಲ.
ಪಾತ್ರೆಗೆ ಹಳೆ ಸ್ವೆಟರ್ ತೊಡಿಸಿ ಬಾಯ್ಲರ್ ಪಕ್ಕ ಇಟ್ಟು ಮಲಗುತ್ತೇನೆ.
ಒಮ್ಮೆ ಹೇಳಿದ್ದೆ, ನಮ್ಮಲ್ಲಿ ಮೊಸರಿಗೂ ರಕ್ತಕ್ಕೂ
ಒಂದೇ ಮಾತು, ಹೆಪ್ಪು.
"ಹಾಗಾದರೆ ನಮ್ಮಮ್ಮ ಹೆಪ್ಪು ಹಾಕಲು ಮರೆತಳು."
ಇಬ್ಬರೂ ನಕ್ಕೆವು.
ಉದ್ದ ಹಿಡಿಯ ಶೂಹಾರ್ನಿನಿಂದ ಬೂಟು ಏರಿಸುತ್ತ
ತಲೆ ಎತ್ತದೆ ಅಂದರು:
"ಸಾಯುವವರೆಗೂ ಅವಳು ಹಾಗೇ ಅಂದುಕೊಂಡಿದ್ದಳು."

ಫೈಲಿನಲ್ಲಿ 'ಗುರಿ' ಎಂಬ ಖಾನೆ ಇದೆ. ಅವರದೇ ಮಾತು ಬರೆದಿದ್ದೇನೆ:
ಏಪ್ರಿಲ್ ಹೊತ್ತಿಗೆ ಮಂಡಿಯೂರಿ ಈರುಳ್ಳಿ ಸಸಿ ನೆಡಬೇಕು.
ಎಪ್ಪತ್ತೆಂಟು ಸಾಲದು. ಇಬ್ಬರಿಗೂ ಗೊತ್ತು.
ಹಲಗೆ ತಂದಿಡಿ ಅಂದಿದ್ದೇನೆ, ನಾಲ್ಕು, ಗಟ್ಟಿಯವು.
ಮಂಡಿ ಅಷ್ಟು ಇಳಿಯದಿದ್ದರೆ
ಮಡಿಯನ್ನೇ ಸ್ವಲ್ಪ ಮೇಲೆತ್ತುವುದು.