ಬಾಕಿ ಚಿಲ್ಲರೆ

ಮಂಡ್ಯ ಬಿಟ್ಟರೆ ಮೈಸೂರು, ಮೈಸೂರು ಬಿಟ್ಟರೆ ಮಂಡ್ಯ,
ದಿನಕ್ಕೆ ನಾಲ್ಕು ಟ್ರಿಪ್ಪು, ಎಂಟು ಸಲ ಕಾವೇರಿ.
ಸೇತುವೆ ಬಂದಾಗಲೆಲ್ಲ ಕಿಟಕಿಯಿಂದ ಯಾರೋ
ಒಂದು ರೂಪಾಯಿ ಎಸೆದು ಕೈಮುಗಿಯುತ್ತಾರೆ,
ನನ್ನ ಹತ್ತಿರ ಚಿಲ್ಲರೆ ಇಲ್ಲ ಅಂದವರೇ.

ಬ್ಯಾಗಿನಲ್ಲಿ ಒಂದು ಲೀಟರ್ ಬಾಟಲಿ.
ಬೆಳಿಗ್ಗೆ ತುಂಬಿಸಿದ್ದು ರಾತ್ರಿ ತುಳಸಿಗೆ.
ಹದಿನಾಲ್ಕು ವರ್ಷ ನನ್ನ ಪಾಲಿನ ನೀರು ಕುಡಿದು
ಸೊಂಟದೆತ್ತರ ಬೆಳೆದಿದೆ.

ಕುಡಿದರೆ ಹೋಗಬೇಕು. ಹೋಗುವುದೆಲ್ಲಿ?
ಪುಟ್ಟಮಾದಯ್ಯ ಕಾಳೇನಹಳ್ಳಿ ಗೇಟಿನ ಹತ್ತಿರ
ಸ್ಟೀರಿಂಗ್ ಬಿಟ್ಟಿಳಿದು ಹುಣಸೆಮರದ ಹಿಂದೆ ಹೋಗಿ
ಪ್ಯಾಂಟಿಗೆ ಕೈ ಒರೆಸುತ್ತ ಬರುತ್ತಾನೆ.
ಅಷ್ಟರಲ್ಲಿ ನಾನು ಟಿಕೆಟ್ ಮೆಷಿನ್ನಿನ ರೋಲು ಬದಲಿಸುತ್ತೇನೆ,
ಬದಲಿಸಬೇಕಾಗಿಲ್ಲದಿದ್ದರೂ.

ಉರಿ ಮೊದಲ ಸಲ ಬಂದಾಗ
ಮೆಡಿಕಲ್ ಶಾಪಿನ ಹುಡುಗ ಪೇಪರಿನಲ್ಲಿ ಸುತ್ತಿ
ಆರು ಮಾತ್ರೆ ಕೊಟ್ಟ. ಮೂರಕ್ಕೆ ಕಮ್ಮಿಯಾಯಿತು.
ಉಳಿದ ಮೂರು ಮುಂದಿನ ಸಲಕ್ಕೆ ಎತ್ತಿಟ್ಟೆ.
ಮುಂದಿನ ಸಲ ಬಂತು. ಅದರ ಮುಂದಿನದೂ.
ಬಾರ್ಲಿ ನೀರು, ಅತ್ತಿಗೆ ಹೇಳಿದ ಬಾಳೆದಿಂಡಿನ ಪಲ್ಯ.
ಉಷ್ಣ ಅಂದರು ಎಲ್ಲರೂ.
ಬಸ್ಸಿನಲ್ಲಿ ಕೂತವರಿಗೇ ಉಷ್ಣ,
ನಿಂತವಳಿಗೆ ಆಗದೆ ಇನ್ನೇನು ಅಂದೆ ನಾನೂ.

ಆಮೇಲೆ ಒಂದು ಗುರುವಾರ
ಡಿಪೋದ ಚಿಲಕವಿಲ್ಲದ ಕಕ್ಕಸಿನಲ್ಲಿ
ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು ಕೂತಾಗ
ಕೆಳಗೆ ಕೆಂಪು.
ತಿಂಗಳಿನದು ಅಂದುಕೊಂಡೆ.
ತಿಂಗಳಿನದು ಮುಗಿದು ಹನ್ನೊಂದು ದಿನ ಆಗಿತ್ತು.
ನಾನು ಲೆಕ್ಕದವಳು, ದಿನಾಂಕ ತಪ್ಪಿಸುವವಳಲ್ಲ,
ಅವತ್ತು ತಪ್ಪಿಸಿದೆ.
ನೋವಿರಲಿಲ್ಲ. ಉರಿಯೂ ಇರಲಿಲ್ಲ.
ಮಾರನೆಯ ದಿನ ತಿಳಿಯಾಗಿತ್ತು.
ಹೋಯಿತಲ್ಲ ಅಂತ ದೇವರಿಗೆ ದೀಪ ಹಚ್ಚಿದೆ.

ಹತ್ತು ರೂಪಾಯಿ ಬಾಕಿ ಇದ್ದರೆ
ಟಿಕೆಟ್ಟಿನ ಹಿಂದೆ ಬರೆದುಕೊಡುತ್ತೇನೆ:
ಇಳಿಯುವಾಗ ಕೇಳಿ ಇಸ್ಕೊಳ್ಳಿ.
ಎಷ್ಟೋ ಜನ ಮರೆತು ಇಳಿಯುತ್ತಾರೆ.
ಮೈ ಮರೆಯುವುದಿಲ್ಲ.
ಯುಗಾದಿ ಕಳೆದ ಮೇಲೆ ಮತ್ತೆ ಕೇಳಿತು.

ಮೈಸೂರಿನ ದೊಡ್ಡ ಆಸ್ಪತ್ರೆ, ಹದಿನಾರನೇ ನಂಬರ್ ಕೋಣೆ.
ಬೆಂಚಿನ ತುಂಬ ಪಂಚೆ, ಟವೆಲ್ಲು, ಊರುಗೋಲು.
ಸೀರೆ ಒಂದೇ.
"ಇದು ಗಂಡಸ್ರ ಡಾಕ್ಟ್ರು ಕಣವ್ವ,
ಹೆಂಗಸ್ರುದು ಆ ಕಡೆ ಬಿಲ್ಡಿಂಗು" ಅಂದ
ಕ್ಯಾತನಹಳ್ಳಿಯ ಬೋರಯ್ಯ.
ನಿಮಗೇನಜ್ಜ?
"ರಾತ್ರಿ ಆರು ಸಲ ಎದ್ದೇಳ್ತೀನಿ. ನಿಂತ್ಕಂಡ್ರೆ ಬರಾಕಿಲ್ಲ,
ಮನಿಕ್ಕಂಡ್ರೆ ಬಂದಂಗಾಯ್ತದೆ. ಮೊದ್ಲು ನಾಯಿ ಬೊಗಳೋದು,
ಈಗ ಅದೂ ಎದ್ದು ಜೊತೇಲಿ ಬತ್ತದೆ.
ವಯಸ್ಸಾಯ್ತು ಅಂದ್ಕಂಡಿದ್ದೆ.
ಮೊನ್ನೆ ಪೂರಾ ಕಟ್ಕಂಡ್ ಬುಡ್ತು, ನೋಡು, ಪೈಪ್ ಹಾಕವ್ರೆ."
ಪಂಚೆಯ ಅಂಚಿನ ಕೆಳಗಿನ ಚೀಲ ಎತ್ತಿ ತೋರಿಸಿದ,
ಸಂತೆಯಿಂದ ತಂದ ಎಣ್ಣೆಯ ಹಾಗೆ.

"ಚಿಕ್ಕತಾಯಮ್ಮ!"
ಹತ್ತು ತಲೆ ತಿರುಗಿದವು.

ಡಾಕ್ಟರು ಇನ್ನೂ ಹುಡುಗ.
ಕೇಳಿದ್ದಕ್ಕೆಲ್ಲ ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳಿದೆ.
ದಿನಕ್ಕೆ ಎಷ್ಟು ಲೋಟ ನೀರು? ಎರಡು.
ಎಷ್ಟು ಹೊತ್ತು ತಡ್ಕೋತೀರಿ? ಎರಡು ಟ್ರಿಪ್ಪು.
ಬರೆಯುವುದು ನಿಲ್ಲಿಸಿದ.
ರಕ್ತ ಮೊದಲು ಕಂಡಿದ್ದು ಯಾವಾಗ?
ಈ ಸಲ ದಿನಾಂಕ ಸರಿಯಾಗಿ ಹೇಳಿದೆ.
"ನೋವಿಲ್ಲ ಅಂತ ಸುಮ್ಮನಾದಿರಾ?
ನೋವಿಲ್ಲದ ಕೆಂಪಿಗೇ ಬೇಗ ಬರಬೇಕಮ್ಮ,
ಒಂದೇ ಸಲ ಕಂಡರೂ."

ಸ್ಕ್ಯಾನಿನಲ್ಲಿ ಎಡಗಡೆ ಒಂದು ಕಲ್ಲು, ಹೆಸರುಕಾಳಿನಷ್ಟು.
ಅದೇ ಕಾರಣ ಇರಬಹುದು.
ಇರಬಹುದು ಅನ್ನುವುದು ಸಾಲದು,
ಮಂಗಳವಾರ ಕ್ಯಾಮೆರಾ ಇಳಿಸಿ ನೋಡೋಣ ಅಂದ.

ಇವತ್ತು ಮೊದಲನೇ ಸೇತುವೆಗೇ ಬಾಟಲಿ ಅರ್ಧ.
ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಎರಡು ಸೀಟಿ ಊದಿ ಇಳಿದೆ.
ಯಾಕಮ್ಮ ಲೇಟು ಅಂತ ಹಿಂದಿನ ಸೀಟಿನಿಂದ ಯಾರೋ.
ಚಿಲ್ಲರೆ ತರೋಕೆ ಅಂದೆ.

ಮಂಗಳವಾರದ ಡ್ಯೂಟಿ ನಿಂಗರಾಜಮ್ಮನಿಗೆ ಕೊಟ್ಟಿದ್ದೇನೆ.
ಕಾರಣ ಕೇಳಿದಳು. ಮುಚ್ಚಿಡದೆ ಹೇಳಿದೆ.
ಕ್ಯಾಷ್ ಬ್ಯಾಗಿನ ಜಿಪ್ಪು ಎಳೆಯುತ್ತ, ಬಿಡುತ್ತ,
ತುಂಬ ಹೊತ್ತು ನಿಂತಳು.
ಆಮೇಲೆ ಮೆಲ್ಲಗೆ,
"ಎಷ್ಟನೇ ನಂಬರ್ ಕೋಣೆ ಅಂದ್ಯಲ್ಲ?"