ಒಂಬತ್ತು ವರ್ಷದ ತೊಗಟೆ

ಅಲೆಂಟೇಜುವಿನಲ್ಲಿ ಜೂನ್ ಎಂದರೆ
ಬೆಂಡಿನ ಮರಗಳು ಅಂಗಿ ಕಳಚುವ ತಿಂಗಳು.
ನಾನು ನೀರು ಹೊರುವವಳು. ಮಣ್ಣಿನ ಹೂಜಿ, ಒಂದೇ ಲೋಟ,
ಹದಿನಾಲ್ಕು ಗಂಡಸರು, ಮರಕ್ಕಿಬ್ಬರು.

ಬೆಲ್ಮಿರು ಮತ್ತು ಜೆಫೆರೀನು
ಮೂವತ್ತು ವರ್ಷದಿಂದ ಒಂದೇ ಜೋಡಿ.
ಕೊಡಲಿ ಎತ್ತುವ ಮುನ್ನ ಒಬ್ಬ ಎದೆಯ ಮೇಲೆ ಶಿಲುಬೆ ಬರೆಯುತ್ತಾನೆ,
ಇನ್ನೊಬ್ಬ ಅಂಗೈಗೆ ಉಗುಳಿಕೊಳ್ಳುತ್ತಾನೆ.
ಏಟಿನ ಸದ್ದು ಮಾತ್ರ ಇಬ್ಬರದೂ ಒಂದೇ.

"ನೋಡು," ಅಂದ ಬೆಲ್ಮಿರು,
ಸೀಳಿನೊಳಗೆ ಕಾವು ತೂರಿಸಿ ಮೀಟುತ್ತಾ,
"ಮೇಕೆಯ ಚರ್ಮ ಸುಲಿ, ಮತ್ತೆ ಬರುತ್ತದೆಯೇ?
ಇದು ಒಂಬತ್ತು ವರ್ಷಕ್ಕೆ ಪುನಃ ಮೈತುಂಬ ಹೊದ್ದು
ಬಾ ಅಂತ ನಿಂತಿರುತ್ತದೆ.
ಯಾರೋ ನಮ್ಮ ಹೊಟ್ಟೆ ನೆನೆದು ಮಾಡಿದ್ದು."

"ನಿನ್ನ ಹೊಟ್ಟೆಗಲ್ಲ, ಬೆಂಕಿಗೆ," ಅಂದ ಜೆಫೆರೀನು.
"ನಿನ್ನ ಮುತ್ತಜ್ಜ ಹುಟ್ಟುವ ಮೊದಲೇ ಕಾಡು ಉರಿಯುತ್ತಿತ್ತು.
ದಪ್ಪ ಹೊದ್ದದ್ದು ಉಳಿಯಿತು, ತೆಳ್ಳಗೆ ಹೊದ್ದದ್ದು ಬೂದಿ.
ಬೂದಿ ವಾದಕ್ಕೆ ಬರುವುದಿಲ್ಲ,
ಅದಕ್ಕೇ ನಿನಗೆ ಉಳಿದದ್ದೆಲ್ಲ ವರ."

ತೊಗಟೆ ಬಿಟ್ಟಿತು, ಬಿಗಿದ ಹಳೇ ಬಾಗಿಲು ತೆರೆದ ಹಾಗೆ.
ಒಳಮೈ ಹಸಿ ಹಸಿ, ಆಗಷ್ಟೇ ಹೆತ್ತ ಕೂಸಿನ ಬಣ್ಣ.

ನೀರು ಕೊಟ್ಟೆ. ಕುಡಿದರು. ಮತ್ತೆ ಶುರು.

"ಸರಿ, ಕಾಡಾದರೂ ಯಾಕಿದೆ? ಬೆಂಕಿ ಯಾಕಿದೆ?
ಏನೂ ಇಲ್ಲದೆ ಇರಬಹುದಿತ್ತು, ಎಷ್ಟು ಸುಲಭ!"
"ಅವನು ಯಾಕಿದ್ದಾನೆ?"
"ಅವನು ಇದ್ದೇ ಇದ್ದ."
"ಕಾಡೇ ಇದ್ದೇ ಇತ್ತು ಅನ್ನು. ಒಂದು ಮೆಟ್ಟಿಲು ಉಳಿಯಿತು."

ಮಧ್ಯಾಹ್ನ. ಒಣ ಬ್ರೆಡ್ಡು, ಆಲಿವ್, ಈರುಳ್ಳಿ.
ಬೆಲ್ಮಿರು ಬಚ್ಚಿಟ್ಟ ಎಲೆ ಎಸೆದ:
"ಆ ಆಗಸ್ಟ್ ನೆನಪಿದೆಯಾ? ಹಳ್ಳದಲ್ಲಿ ಬೋರಲು ಬಿದ್ದಿದ್ದೆ ನೀನು,
ಬೆಂಕಿ ಹತ್ತು ಮಾರು ದೂರ. ನಾನು ದಿಬ್ಬದ ಮೇಲೆ ಮೊಣಕಾಲೂರಿದೆ.
ಗಾಳಿ ತಿರುಗಿತು."

ಜೆಫೆರೀನು ಈರುಳ್ಳಿ ಕೆಳಗಿಟ್ಟ.
"ತಿರುಗಿತು. ತಿರುಗಿ ಎಲ್ಲಿಗೆ ಹೋಯಿತು?
ಕುಶ್ಟೋಡಿಯಳ ಮನೆಗೆ.
ಅವಳ ಕೈಯಲ್ಲೂ ಜಪಮಾಲೆ ಇತ್ತು,
ಬೂದಿಯಿಂದ ಮಣಿ ಆರಿಸಿದವನು ನೀನೇ.
ನನಗಾಗಿ ತಿರುಗಿಸಿದ ಅಂತ ಒಪ್ಪಿದರೆ
ಅವಳ ಮೇಲೆ ತಿರುಗಿಸಿದ ಅಂತಲೂ ಒಪ್ಪಬೇಕು.
ಅಷ್ಟು ಬೆಲೆಯ ಜೀವವಲ್ಲ ನನ್ನದು.
ಗಾಳಿಗೆ ಕಣ್ಣಿಲ್ಲ ಅಂದುಕೊಂಡರಷ್ಟೇ
ನನಗೆ ನಿದ್ದೆ ಹತ್ತುತ್ತದೆ."

ಆಡಿದ ಮೇಲೆ ನನ್ನತ್ತ ನೋಡಿದ. ನೆಲ ನೋಡಿದ.
ಕುಶ್ಟೋಡಿಯ ನನ್ನ ಅಕ್ಕ.

"ಐವತ್ತೊಂಬತ್ತು ಕಲ್ಲಿನ ಮಣಿ," ಅಂದ ಬೆಲ್ಮಿರು ಬಹಳ ಹೊತ್ತಿಗೆ,
"ಒಂದು ಸಿಗಲಿಲ್ಲ. ಈಗಲೂ ಆ ಕಡೆ ಹೋದರೆ
ಕಾಲಲ್ಲಿ ಮಣ್ಣು ಕೆದರಿ ನೋಡುತ್ತೇನೆ."
ಅದು ಯಾವ ಪಕ್ಷದ ವಾದವೋ ನನಗೆ ತಿಳಿಯಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ, ಒಂದು ದಿನ ಇದ್ದಾನೆ ಅನ್ನುತ್ತಿದ್ದೆ,
ಬೈಯಲು ಒಬ್ಬ ಬೇಕಲ್ಲ.
ಇನ್ನೊಂದು ದಿನ ಇಲ್ಲ ಅನ್ನುತ್ತಿದ್ದೆ,
ಅಷ್ಟೆಲ್ಲ ನೋಡುತ್ತ ಸುಮ್ಮನೆ ಕೂತವನ ಮೇಲೆ ಮರುಕಕ್ಕೆ.

ಸಂಜೆಯ ಕೊನೆಯ ಮರ. ಜೆಫೆರೀನುವಿನ ಕೊಡಲಿ
ತೊಗಟೆಯಷ್ಟೇ ಆಳಕ್ಕೆ ಇಳಿದು ನಿಲ್ಲುತ್ತದೆ.
ಒಂದು ಕೂದಲೆಳೆ ಹೆಚ್ಚಾದರೂ ಒಳಮೈಗೆ ಗಾಯ,
ಅಲ್ಲಿ ಮತ್ತೆ ಬೆಳೆಯದು.
"ಮುಂದಿನ ಸುಲಿತಕ್ಕೆ ನಾವಿಬ್ಬರೂ ಮಣ್ಣಲ್ಲಿ," ಅಂದ ಬೆಲ್ಮಿರು.
"ಯಾರಿಗೆ ಹೆದರಿ ಇಷ್ಟು ಮೆತ್ತಗೆ?"
"ಬರುವವನಿಗೆ."
"ನೋಡಿದ್ದೀಯಾ ಅವನನ್ನು?"
ಆ ದಿನ ಮೊದಲ ಸಲ ನಕ್ಕ ಜೆಫೆರೀನು,
ಸೋತವನ ನಗುವಲ್ಲ.

ಬಿಳಿ ಬಣ್ಣ ಅದ್ದಿ ಬೊಡ್ಡೆಯ ಮೇಲೆ ಅಂಕಿ ಬರೆದರು,
ಸುಲಿದ ವರ್ಷದ ಬಾಲ: ಮೂರು.
"ತಂದೆ, ಮಗ, ಪವಿತ್ರಾತ್ಮ," ಅಂದ ಒಬ್ಬ.
"ಇಪ್ಪತ್ತಮೂರನೇ ಇಸವಿ," ಅಂದ ಇನ್ನೊಬ್ಬ.
ನನಗೆ ಅದು ಕಿವಿಯ ಹಾಗೆ ಕಂಡಿತು.

ಹೂಜಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ನಾನೇ ಕುಡಿದೆ.